ಸಭೆ ಎಲ್ಲರದು

“ಹತ್ತು ಜನರ ಹುಲ್ಲುಕಡ್ಡಿ, ಒಬ್ಬನ ತಲೆಹೊರೆ” ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕಣದಲ್ಲಿ ರಾಶಿ ಮಾಡುವಾಗ, ಮದುವೆಯ ಮನೆಯಲ್ಲಿ ಚಪ್ಪರ ಹಾಕುವಾಗ ಈ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ದೇವರ ಕೆಲಸವೆಂದ ಕೂಡಲೆ, ಅದು ಪೂಜಾರಿಯದೋ ಪಾದ್ರಿಯದೋ ಎಂದು ನಾವು ಕೈಕಟ್ಟಿ ಕುಳಿತುಬಿಡುತ್ತೇವೆ. ನಮ್ಮ ಹಳ್ಳಿಯ ಕ್ರೈಸ್ತ ಸಭೆಯಲ್ಲಿ ನಾನು ಕಂಡುದನ್ನು ಆಧಾರವಾಗಿಟ್ಟುಕೊಂಡು ಈ ವಿಷಯವಾಗಿ ನಾಲ್ಕು ಮಾತು ಬರೆಯಬಯಸುತ್ತೇನೆ.

ನಮ್ಮದು ಮೂವತ್ತು ಮನೆಗಳ ಚಿಕ್ಕ ಸಭೆ. ಬಹುಮಂದಿ ಕೂಲಿಕಾರರು, ನನ್ನ ತಂದೆಯವರು ಗಾರೆ ಕೆಲಸದವರು. ಒಬ್ಬರೇ ಸಭಾಪಾಲಕರು ನಾಲ್ಕು ಊರುಗಳನ್ನು ನೋಡಿಕೊಳ್ಳಬೇಕಾದುದರಿಂದ, ತಿಂಗಳಿಗೊಂದೇ ಭಾನುವಾರ ನಮ್ಮಲ್ಲಿಗೆ ಬರುತ್ತಾರೆ. ಉಳಿದ ಭಾನುವಾರಗಳಲ್ಲಿ ಗಂಟೆ ಬಾರಿಸುವವನೊಬ್ಬ, ವೇದಪಾಠ ಓದುವವನೊಬ್ಬ, ಚಾಪೆ ಹಾಸುವವನೊಬ್ಬ. ಹೆಂಗಸರು ಅಡಿಗೆಗೆ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ತರುತ್ತಾರೆ. ನನ್ನ ಅಜ್ಜಿಗೆ ಓದು ಬಾರದು. ಆದರೂ ಕೀರ್ತನೆಗಳೆಲ್ಲ ಬಾಯಿಪಾಠ. ಪುಸ್ತಕ ಹಿಡಿದ ನಾವು ಅಕ್ಷರವರಿಯದ ಆಕೆಯ ರಾಗದ ಹಿಂದೆ ಹಾಡುತ್ತೇವೆ. ಸುಗ್ಗಿಯ ಹಬ್ಬದಲ್ಲಿ ಹರಾಜಿಗಿಟ್ಟ ಒಂದು ಕುಂಬಳಕಾಯಿಯನ್ನು ಕೊಂಡವನೇ ಮರಳಿ ಅರ್ಪಿಸಿ, ಮತ್ತೊಬ್ಬನು ಕೊಳ್ಳುವುದುಂಟು!

ಮೂರು ವರ್ಷಗಳ ಹಿಂದೆ ಗುಡಿಯ ಮಾಡು ಸೋರತೊಡಗಿತು. ಪಟ್ಟಣದಲ್ಲಿ ಚೆನ್ನಾಗಿ ಸಂಪಾದಿಸುತ್ತಿದ್ದ ನಮ್ಮೂರವರೊಬ್ಬರು ಖರ್ಚನ್ನೆಲ್ಲ ತಾವೇ ಕೊಡಲು ಮುಂದಾದರು. ಹಿರಿಯರಿಗೆ ಬಹಳ ಸಂತೋಷವಾಯಿತು. ಆಗ ಒಬ್ಬ ವಿಧವೆ ಮುದುಕಿ ಎದ್ದು, “ಎಲ್ಲವನ್ನೂ ಅವನೇ ಕಟ್ಟಿಸಿದರೆ ನಾನು ಯಾರ ಗುಡಿಯಲ್ಲಿ ಕೂಡಲಿ?” ಎಂದು ಕೇಳಿದಳು. ಬಿಸಿಬಿಸಿ ಚರ್ಚೆ ನಡೆಯಿತು. ಕೊನೆಗೆ ಆತನಿಂದ ಅರ್ಧ ಹಣ ಪಡೆದು, ಉಳಿದುದನ್ನು ಮನೆಮನೆಯ ದುಡಿಮೆಯಿಂದ ಪೂರೈಸುವುದೆಂದು ತೀರ್ಮಾನವಾಯಿತು. ಒಂದು ತಿಂಗಳ ಕೆಲಸ ನಾಲ್ಕು ತಿಂಗಳಾಯಿತು; ಅದುವರೆಗೂ ಸೋರುವೆಡೆಗಳಲ್ಲಿ ಪಾತ್ರೆಯಿಟ್ಟು ಆರಾಧನೆ ನಡೆಸಿದೆವು. ಆದರೆ ಎಷ್ಟೋ ವರ್ಷಗಳಿಂದ ಮುನಿಸಿಕೊಂಡು ದೂರವಿದ್ದ ಮನೆಯವರು ಹೆಂಚು ಹೊರಲು ಬಂದರು. ಬಂದವರು ಮತ್ತೆ ಬಿಟ್ಟು ಹೋಗಲಿಲ್ಲ.

ನೆಹೆಮೀಯನ ಗ್ರಂಥದಲ್ಲಿ ಯೆರೂಸಲೇಮಿನ ಗೋಡೆ 52 ದಿನಗಳಲ್ಲಿ ಎದ್ದುನಿಂತ ವೃತ್ತಾಂತವಿದೆ. ಅಲ್ಲಿ ದುಡಿದವರು ಗೋಡೆ ಕಟ್ಟುವುದನ್ನೇ ಕಸುಬಾಗಿ ಉಳ್ಳವರಲ್ಲ; ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವರ್ತಕರು. ಶಲ್ಲೂಮನೆಂಬವನ ಹೆಣ್ಣುಮಕ್ಕಳೂ ತಂದೆಯೊಡನೆ ದುಡಿದರು. ಅನೇಕರು ತಂತಮ್ಮ ಮನೆಯೆದುರಿನ ಭಾಗವನ್ನೇ ಕಟ್ಟಿದರು. ತೆಕೋವದ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲವೆಂಬುದನ್ನೂ ಬರೆದವರು ಮರೆತಿಲ್ಲ.

ನಮ್ಮ ದೇಶದಲ್ಲಿಯೂ ಇಂಥ ಕೂಡುವಿಕೆಯ ದೊಡ್ಡ ಉದಾಹರಣೆಯಿದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಬೇರೆಬೇರೆ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಅದರ ಆಡಳಿತ ಮಂಡಲಿಗಳಲ್ಲಿ ಬಿಷಪರು, ಪಾದ್ರಿಗಳು, ಸಾಮಾನ್ಯ ಸಭಿಕರು ಒಟ್ಟಿಗೆ ಕುಳಿತು ಆಲೋಚಿಸುತ್ತಾರೆ. ಆದರೆ ಮೇಲಿನ ಐಕ್ಯಕ್ಕೆ ಜೀವ ಬರಬೇಕಾದುದು ಕೆಳಗೆ, ಹಳ್ಳಿಯ ಚಾಪೆಯ ಮೇಲೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಊರಿಗೆ ಹೋದಾಗಲೆಲ್ಲ, “ನೀನು ಓದಿದವನು, ಲೆಕ್ಕ, ಪತ್ರ, ವೇದಪಾಠ ಎಲ್ಲ ನೀನೇ ನೋಡಿಕೋ” ಎನ್ನುತ್ತಾರೆ. ಅದು ಅವರ ಪ್ರೀತಿ. ಆದರೆ ಆ ಪ್ರೀತಿಯಲ್ಲೊಂದು ಅಪಾಯವಿದೆ. ಓದಿದವನೊಬ್ಬನು ಎಲ್ಲವನ್ನೂ ಹೊತ್ತರೆ ಉಳಿದವರು ಬರಿಯ ಪ್ರೇಕ್ಷಕರಾಗುತ್ತಾರೆ. ನಾಳೆ ಅವನು ಉದ್ಯೋಗವನ್ನರಸಿ ಹೊರಟರೆ ಸಭೆಯ ಗತಿಯೇನು? ಈ ವರ್ಷ ಹೈಸ್ಕೂಲಿನ ಇಬ್ಬರು ಹುಡುಗಿಯರು ಲೆಕ್ಕ ಬರೆಯುತ್ತಿದ್ದಾರೆ. ಅದನ್ನು ಎಲ್ಲರೆದುರು ಓದಿ ಹೇಳುತ್ತಾರೆ. ಅಕ್ಷರ ಕೂಡಿಸಿ ಕೂಡಿಸಿ ಓದುವ ಹಿರಿಯರೊಬ್ಬರು ವೇದಪಾಠ ಓದುತ್ತಾರೆ. ತಡವಾಗುತ್ತದೆ, ಆದರೂ ಯಾರೂ ಮಿಸುಕುವುದಿಲ್ಲ. ಹಾಗೆ ಕಾಯುವುದೂ ಆರಾಧನೆಯ ಒಂದು ಅಂಗವೆಂದು ನನಗೆ ತೋರುತ್ತದೆ.

ಸಹಪಾಠಿಗಳೇ, ನಮ್ಮಲ್ಲಿ ಎಷ್ಟೋ ಜನರು ತಮ್ಮ ಮನೆಗಳಿಂದ ಮೊದಲಿಗರಾಗಿ ಇಲ್ಲಿಗೆ ಬಂದವರು. ಗುಡಿಯಿರಲಿ, ಮಸೀದಿಯಿರಲಿ, ಊರ ಸಂಘವಿರಲಿ, ನಾಳೆ ನಮ್ಮನ್ನು ಮುಂದೆ ಕೂಡಿಸುವರು. ಆಗ ನಾವೇ ಎಲ್ಲ ಮಾಡಿ ಮೆಚ್ಚುಗೆ ಪಡೆಯುವುದು ಸುಲಭ. ಅದಕ್ಕಿಂತ, ಪಕ್ಕದವರ ಕೈಗೊಂದು ಕೆಲಸ ಕೊಟ್ಟು, ಅವರು ಅದನ್ನು ಮುಗಿಸುವವರೆಗೆ ತಾಳ್ಮೆಯಿಂದಿರುವುದೇ ನಮ್ಮ ವಿದ್ಯೆಗೆ ಭೂಷಣ.