ಹ್ಯಾನೋವರ್‌ಗೆ ಬಂದ ಕುದುರೆತಲೆಯ ಪಿಟೀಲು

ಉತ್ತರ ಜರ್ಮನಿಯ ಲೈನೆ ನದಿಯ ದಂಡೆಯಲ್ಲಿರುವ ಹ್ಯಾನೋವರ್, ಪ್ರವಾಸಿಗಳು ಹುಡುಕಿಕೊಂಡು ಹೋಗುವ ಊರೇನಲ್ಲ. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಹಳೆಯ ಪೇಟೆಯ ಬಹುಪಾಲು ನೆಲಸಮವಾಯಿತು. 1943ರಲ್ಲಿ ಸುಟ್ಟುಹೋದ ಏಗಿಡಿಯೆನ್ ಚರ್ಚನ್ನು ಚಾವಣಿ ಹಾಕದೆ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ.

ಆದರೆ ಸಂಗೀತದ ಕಿವಿಯುಳ್ಳವರಿಗೆ ಇದು ದೊಡ್ಡ ಊರು. ಗ್ರಾಮೊಫೋನ್ ತಟ್ಟೆಯನ್ನು ರೂಪಿಸಿದ ಎಮಿಲ್ ಬರ್ಲಿನರ್ ಹುಟ್ಟಿದ್ದು ಇಲ್ಲಿ. ಕಲ್ಕತ್ತೆಯಲ್ಲಿ 1902ರಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳು ಹಡಗೇರಿ ಬಂದು ಅಚ್ಚಾದದ್ದೂ ಇಲ್ಲಿಯೇ. ಮೈಸೂರಿನಲ್ಲಿ 1930ರಲ್ಲಿ ಕಣ್ಣುಮುಚ್ಚಿದ ಆ ಗಾಯಕಿಯ ಧ್ವನಿಗೆ ಈ ಊರಿನ ಋಣವಿದೆ.

ಇಂಥ ಊರಿನಲ್ಲಿ ಬೆಳೆದ ತಂಡ 'ಸೆದಾ'. ಪಾರಸಿಯಲ್ಲಿ ಹಾಗೆಂದರೆ ಧ್ವನಿ. (ನಮ್ಮ 'ಸದ್ದು' ಬೇರೆ, ಅದು 'ಶಬ್ದ'ದ ತದ್ಭವ.) ಮಂಗೋಲಿಯದ ನಾಸನ್‌ಜರ್ಗಲ್, ನಾರನ್‌ಬಾತರ್, ಗಂಜೋರಿಗ್ ದವಾಖೂ ಅವರ ಜೊತೆ ಇರಾನ್ ಮೂಲದ ಒಮಿದ್ ಬಹಾದೋರಿ ತಾಳವಾದ್ಯ, ಗಿಟಾರ್ ಹಿಡಿದು ಸೇರಿಕೊಂಡರು.

ಮೊದಲು ಬೆರಗು ಹುಟ್ಟಿಸುವುದು 'ಖೂಮಿ' ಎಂಬ ಕಂಠಗಾಯನ. ಒಬ್ಬನೇ ಹಾಡುಗಾರ, ಏಕಕಾಲಕ್ಕೆ ಎರಡು ಸ್ವರ. ಇದರಲ್ಲಿ ಮಾಯವೇನಿಲ್ಲ. ಗಂಟಲು ಸೆಕೆಂಡಿಗೆ 150 ಬಾರಿ ಕಂಪಿಸಿದರೆ ಅದರೊಳಗೆ 300, 450, 600 ಎಂದು ಅದರ ಗುಣಕಗಳೂ ಹುದುಗಿರುತ್ತವೆ. ನಾಲಗೆಯನ್ನೂ ತುಟಿಯನ್ನೂ ಹೊಂದಿಸಿ, ಬಾಯಿಯ ಪೊಳ್ಳಿನಲ್ಲಿ ಅವುಗಳಲ್ಲೊಂದನ್ನು, 1200 ಎನ್ನಿ, ಅನುರಣನದಿಂದ ಎತ್ತಿಹಿಡಿದರೆ ಕೆಳಗೆ ಶ್ರುತಿ, ಮೇಲೆ ಸಿಳ್ಳೆ. ಚೆನ್ನಾಗಿ ಶ್ರುತಿ ಕೂಡಿಸಿದ ತಂಬೂರಿಯಲ್ಲಿ ಯಾರೂ ಮೀಟದ ಸ್ವರ ಕೇಳಿಸುತ್ತದಲ್ಲ, ಅದೇ ಸಂಗತಿ. ಪಶ್ಚಿಮ ಮಂಗೋಲಿಯದ ಅಲ್ತಾಯ್ ಪರ್ವತಗಳ ಸೀಮೆಯಲ್ಲಿ, ಗಾಳಿ ನೀರುಗಳ ನಡುವೆ ಮಂದೆ ಕಾಯುವವರ ಕಲೆ ಇದು. ಯುನೆಸ್ಕೊ 2010ರಲ್ಲಿ ಇದನ್ನು ಮಂಗೋಲಿಯದ ಹೆಸರಿನಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಸಭಾಂಗಣದ ದೀಪದ ಕೆಳಗೆ ಅದು ಸರ್ಕಸ್ಸಿನ ಕಸರತ್ತಿನಂತೆ ಚಪ್ಪಾಳೆಗೆ ಗುರಿಯಾಗುವುದುಂಟು. ನಷ್ಟವಿದ್ದರೆ ಅದು ಅಲ್ಲಿದೆ.

ಬೆರಕೆ ಮಾಡಿ ಕೆಡಿಸಿದರು ಎನ್ನುವ ಶುದ್ಧವಾದಿಗಳ ಆಕ್ಷೇಪ ಮಾತ್ರ ನಿಲ್ಲುವುದಿಲ್ಲ. ಕುದುರೆತಲೆ ಕೆತ್ತಿದ, ಎರಡೇ ತಂತಿಯ 'ಮೋರಿನ್ ಖೂರ್' ವಾದ್ಯವನ್ನೇ ನೋಡಿ. ಹಿಂದೆ ಅದಕ್ಕೆ ಚರ್ಮದ ಹೊದಿಕೆಯಿತ್ತು. ಕಳೆದ ಶತಮಾನದಲ್ಲಿ, ಸೋವಿಯತ್ ಪ್ರಭಾವದ ದಿನಗಳಲ್ಲಿ, ಪಿಟೀಲಿನಂತೆ ಮರದ ಹಲಗೆ ಬಂತು, ರಂಧ್ರಗಳೂ ಬಂದವು. ಯೂರೋಪು ಆಗಲೇ ಅದರ ಹೊಟ್ಟೆಯೊಳಗೆ ಸೇರಿತ್ತು!

ಗಂಜೋರಿಗ್ ನುಡಿಸುವ 'ಯೋಚಿನ್' ಇನ್ನೂ ದೂರದ ಕಥೆ. ತೆಳು ಕೋಲುಗಳಿಂದ ತಂತಿಗಳನ್ನು ಬಡಿಯುವ ಈ ವಾದ್ಯ ಚೀನಾದ ಯಾಂಗ್‌ಚಿನ್‌ನಿಂದ ಬಂದದ್ದು. ಅದರ ಬಂಧು ಪರ್ಷಿಯದ ಸಂತೂರ್. ಶಿವಕುಮಾರ ಶರ್ಮರ ಕಾಶ್ಮೀರಿ ಸಂತೂರ್ ಅದೇ ಮನೆತನದ್ದು, ದಕ್ಷಿಣ ಜರ್ಮನಿಯ ಹಳ್ಳಿಗರ ಹ್ಯಾಕ್‌ಬ್ರೆಟ್ ಕೂಡ. ಒಮಿದ್ ತಾಳ ಹಿಡಿದಾಗ ಗಂಜೋರಿಗ್‌ರ ಕೋಲುಗಳು ಬಡಿಯುವುದು ಇರಾನಿನ ಮನೆತನದ ತಂತಿಗಳನ್ನೇ.