ಒಂದು ಕಿವಿ ಬಾಡಿಗೆಗೆ

ಪ್ರೀತಿಯ ಗೆಳತಿ,

ನಿಮ್ಮ ಕಾಗದ, ಅದರೊಳಗೆ ಮಡಚಿಟ್ಟಿದ್ದ ಫೋಟೋ ಎರಡೂ ತಲುಪಿದವು. ಚಿಟ್ಟೆಯ ರೆಕ್ಕೆಯ ಬುಡದಲ್ಲಿ ಕುಂಕುಮದ ಚುಕ್ಕಿಯಂತೆ ಅಂಟಿಕೊಂಡಿರುವ ಆ ಮೂರು ಕೆಂಪು ಕಾಳು ಏನು, ಇನ್ನೊಮ್ಮೆ ಕಂಡರೆ ಚಿಮಟದಿಂದ ಕಿತ್ತುಹಾಕಲೇ ಎಂದು ಕೇಳಿದ್ದೀರಿ. ಕೀಳಬೇಡಿ. ನುಸಿಗಿಂತ ಮೊದಲು ರೆಕ್ಕೆಯೇ ಕೈಗೆ ಬಂದೀತು!

ಹೌದು, ನೋಡಿದರೆ ನುಸಿಯ ಮರಿಗಳಂತೆಯೇ ಇವೆ. ನುಸಿ ಎಂದೊಡನೆ ನಿಮಗೆ ತೋಟದ ಕಂದು ಕಲೆಬಿದ್ದ ತೆಂಗಿನಕಾಯಿಗಳು ನೆನಪಾಗಿ ಮುಖ ಕಿವುಚಿರುತ್ತೀರಿ, ಗೊತ್ತು. ಆದರೆ ಅದು ಬಹಳ ದೊಡ್ಡ ಬಳಗ. ಕೀಟಗಳಲ್ಲ, ಜೇಡ ಮತ್ತು ಉಣ್ಣಿಗಳ ಕಡೆಯವರು. ಮುಂಗಾರಿನ ಮೊದಲ ಮಳೆ ಬಿದ್ದಾಗ ಹೊಲದಲ್ಲಿ ಮಖಮಲ್ಲು ಹೊದ್ದು ತಿರುಗುವ ಕೆಂಪು ಹುಳವನ್ನು ಚಿಕ್ಕಂದಿನಲ್ಲಿ ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡವರಲ್ಲವೇ ನಾವು? ಅದೂ ಈ ಬಳಗದ್ದೇ. ಅಂಥ ನುಸಿಗಳ ಮರಿಗಳು ಆರು ಕಾಲಿನವು, ಇನ್ನೊಂದು ಹುಳದ ಮೈಗೆ ಅಂಟಿ ಅದರ ರಸ ಹೀರಿ ಬೆಳೆಯುತ್ತವೆ. ಹೊಟ್ಟೆ ತುಂಬಿದ ಮೇಲೆ ಕಳಚಿ ನೆಲಕ್ಕೆ ಬಿದ್ದು, ಮುಂದೆ ಎಂಟು ಕಾಲು ಬಂದು, ಮಣ್ಣಿನಲ್ಲಿ ಸ್ವಂತ ಬೇಟೆಯಾಡಿ ಬದುಕುತ್ತವೆ. ಇಂಗ್ಲೆಂಡಿನಲ್ಲಿ ಇಂಥ ಕೆಂಪು ಮರಿ ಹೊತ್ತ ಚಿಟ್ಟೆಗಳನ್ನು ಹಿಡಿದು ಪರೀಕ್ಷಿಸಿದಾಗ ಅವುಗಳ ಹಾರಾಟದಲ್ಲಿ ಎದ್ದುಕಾಣುವ ಕುಂದೇನೂ ಸಿಗಲಿಲ್ಲ. ನಿಮ್ಮ ಚಿಟ್ಟೆಯ ಬಗ್ಗೆ ಅಷ್ಟು ಕಳವಳ ಬೇಡ.

ಆದರೆ ನಿಮ್ಮ ಕಾಗದದ ಕೊನೆಯ ಸಾಲು ನನ್ನನ್ನು ಕೂರಿಸಿ ಬರೆಸುತ್ತಿದೆ. 'ಈ ಪರಾವಲಂಬಿಗಳಿಗೆ ಒಂದು ಮಿತಿ ಅನ್ನುವುದೇ ಇಲ್ಲವೇ?' ಎಂದಿದ್ದೀರಿ. ಮಿತಿ ಬಲ್ಲ ಒಂದು ನುಸಿಯ ಕಥೆ ಹೇಳುತ್ತೇನೆ, ಕೇಳಿ.

ಅಮೆರಿಕದಲ್ಲಿ ಆಷರ್ ಟ್ರೀಟ್ ಎಂಬ ಪ್ರಾಣಿಶಾಸ್ತ್ರದ ಮೇಷ್ಟ್ರಿದ್ದರು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಪಾಠ. ಮ್ಯಾಸಚೂಸೆಟ್ಸಿನ ಟೈರಿಂಗಮ್ ಎಂಬ ಹಳ್ಳಿಯಲ್ಲಿ ರಾತ್ರಿಯಿಡೀ ದೀಪ ಹಚ್ಚಿ ಪತಂಗ ಹಿಡಿಯುವ ಗೀಳು. ಒಂದು ಜಾತಿಯ ಸೈನಿಕ ಹುಳುವಿನ ಪತಂಗಗಳ ಕಿವಿಯೊಳಗೆ ಸಂಸಾರ ಹೂಡಿದ್ದ ನುಸಿಯನ್ನು ಅವರು 1954ರಲ್ಲಿ ಲೋಕಕ್ಕೆ ಪರಿಚಯಿಸಿದರು. ಇಟ್ಟ ಹೆಸರು ಫಲೀನೊಡೆಕ್ಟಿಸ್, ಅಂದರೆ ಪತಂಗವನ್ನು ಕಚ್ಚುವುದು.

ಪತಂಗಕ್ಕೆ ಕಿವಿಯೇ ಎನ್ನುತ್ತೀರಾ? ಇದೆ, ಆದರೆ ತಲೆಯಲ್ಲಲ್ಲ. ಎದೆ ಮುಗಿದು ಹೊಟ್ಟೆ ಶುರುವಾಗುವಲ್ಲಿ, ಎಡಕ್ಕೊಂದು ಬಲಕ್ಕೊಂದು, ತೆಳುಪೊರೆ ಬಿಗಿದ ಪುಟ್ಟ ಗೂಡು. ಈ ಪತಂಗಗಳಲ್ಲಿ ಒಂದೊಂದು ಕಿವಿಗೆ ಸದ್ದು ಹಿಡಿಯುವ ಜೀವಕೋಶಗಳು ಎರಡೇ ಎರಡು. ಅವು ಕಾಯುವುದು ಮುಖ್ಯವಾಗಿ ಬಾವಲಿಯ ಕೂಗಿಗೆ, ನಮ್ಮ ಕಿವಿಗೆ ನಿಲುಕದಷ್ಟು ಕೀರಲಾದ ಕೂಗಿಗೆ. ಟ್ರೀಟ್ ತಮ್ಮ ಗೆಳೆಯ ಕೆನ್ನೆತ್ ರೋಡರ್ ಜೊತೆ ಸೇರಿ ಪತಂಗದ ಕಿವಿಯ ನರಕ್ಕೆ ತಂತಿ ಜೋಡಿಸಿ, ಅದನ್ನೇ ಮೈಕಾಗಿಸಿಕೊಂಡು ಹೊಲದಲ್ಲಿ ಕೂತು ಬಾವಲಿಗಳನ್ನು ಆಲಿಸಿದರು. ಬಾವಲಿ ಸುಮಾರು 30 ಮೀಟರ್ ದೂರದಲ್ಲಿರುವಾಗಲೇ ಪತಂಗಕ್ಕೆ ಸುಳಿವು ಸಿಗುತ್ತದೆ. ದೂರವಿದ್ದರೆ ದಿಕ್ಕು ಬದಲಿಸುತ್ತದೆ, ಹತ್ತಿರ ಬಂದರೆ ರೆಕ್ಕೆ ಮಡಚಿ ಕಲ್ಲಿನಂತೆ ಕೆಳಗೆ ಬೀಳುತ್ತದೆ. ಬದುಕು ನಿಂತಿರುವುದೇ ಆ ಕಿವಿಯ ಮೇಲೆ.

ಈಗ ನಮ್ಮ ನುಸಿ. ಹೂವಿನಲ್ಲಿ ಹೊಂಚಿ ಕೂತ ಹೆಣ್ಣೊಂದು ಮಕರಂದಕ್ಕೆ ಬಂದ ಪತಂಗದ ಮೈ ಹತ್ತುತ್ತದೆ. ಬೆನ್ನ ಮೇಲೆ ಓಡಾಡಿ ಎರಡೂ ಬದಿ ಇಣುಕಿ ನೋಡಿ, ಒಂದು ಕಿವಿ ಆರಿಸಿಕೊಳ್ಳುತ್ತದೆ. ತಮಟೆ ಹರಿದು ಒಳನುಗ್ಗಿ ಹತ್ತಾರು ಮೊಟ್ಟೆ ಇಡುತ್ತದೆ. ಆ ಕಿವಿ ಕೆಟ್ಟಿತೆಂದೇ ಲೆಕ್ಕ. ಮರಿಗಳು ಅಲ್ಲೇ ಉಂಡು, ಬೆಳೆದು, ಅಲ್ಲೇ ಗಂಡುಹೆಣ್ಣು ಕೂಡುತ್ತವೆ. ಬೆಳೆದ ಹೆಣ್ಣುಮಕ್ಕಳು ರಾತ್ರಿ ಹೊತ್ತು ಪತಂಗದ ತಲೆಯ ಕಡೆ ನಡೆದು, ಅದು ಹೂವಿಗೆ ಸೊಂಡಿಲು ಚಾಚಿದಾಗ ಅದರ ಮೇಲಿಂದಲೇ ಇಳಿದು ಹೊಸ ಮನೆ ಹುಡುಕಿಕೊಂಡು ಹೋಗುತ್ತವೆ.

ಸೋಜಿಗ ಇನ್ನು ಮುಂದಿದೆ. ಅದೇ ಪತಂಗದ ಮೈಗೆ ಆಮೇಲೆ ಎಷ್ಟು ನುಸಿ ಹತ್ತಿದರೂ ಅವೆಲ್ಲ ಹೋಗುವುದು ಮೊದಲನೆಯವಳು ಹೊಕ್ಕ ಕಿವಿಗೇ! ಅವಳ ಜಾಡು ಹಿಡಿದು ಹೋಗುತ್ತವೆ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಕಿಕ್ಕಿರಿದಿದ್ದರೂ ಪಕ್ಕದ ಖಾಲಿ ಕಿವಿಗೆ ಸಾಮಾನ್ಯವಾಗಿ ಕೈಹಾಕುವುದಿಲ್ಲ. ಎರಡೂ ಕಿವಿ ಹೋದ ಪತಂಗ ಟ್ರೀಟ್ ಅವರಿಗೆ ಸಿಕ್ಕಿದ್ದು ತೀರಾ ಅಪರೂಪ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತೇವೆ. ಇವು ಎಣಿಸುವುದಿರಲಿ, ಅರ್ಧ ಜಂತೆಯನ್ನು ಕಿತ್ತೇ ಹಾಕುತ್ತವೆ. ಉಳಿದರ್ಧಕ್ಕೆ ಮಾತ್ರ ಕೈಯಿಡವು.

ಕರುಣೆಯಿಂದ ಅಲ್ಲ, ಗೆಳತಿ. ಹಾಗೆ ಬರೆದು ನಿಮ್ಮನ್ನು ಖುಷಿಪಡಿಸುವುದು ಸುಲಭ. ಎರಡೂ ಕಿವಿ ಹರಿದ ನುಸಿಗಳು ತಮ್ಮ ಪತಂಗದ ಸಮೇತ ಬಾವಲಿಯ ಹೊಟ್ಟೆ ಸೇರಿದವು. ಒಂದನ್ನು ಬಿಟ್ಟವುಗಳ ಸಂತಾನ ಉಳಿಯಿತು. ಮಿತಿ ಎನ್ನುವುದು ಯಾರೂ ಹೇಳಿಕೊಡದೆ, ಮೀರಿದವರು ಉಳಿಯದೆ, ಹೀಗೂ ಬರುತ್ತದೆ. ಟ್ರೀಟ್ ತಮ್ಮ ಬದುಕಿನ ದೊಡ್ಡ ಪಾಲನ್ನು ಇದಕ್ಕೇ ಕೊಟ್ಟು, 1975ರಲ್ಲಿ ಪತಂಗ ಮತ್ತು ಚಿಟ್ಟೆಗಳ ನುಸಿಗಳ ಬಗ್ಗೆಯೇ ಒಂದು ಇಡೀ ಪುಸ್ತಕ ಪ್ರಕಟಿಸಿದರು.

ನಿಮಗೊಂದು ಕೆಲಸ. ಇವತ್ತು ರಾತ್ರಿ ಊಟ ಮುಗಿಸಿ, ನಿಮ್ಮ ಬೀದಿದೀಪದ ಕೆಳಗೆ ಬೀಗದ ಕೈಗೊಂಚಲು ಹಿಡಿದು ನಿಲ್ಲಿ. ಪತಂಗಗಳು ಸುತ್ತುತ್ತಿರುವಾಗ ಗೊಂಚಲನ್ನು ಜೋರಾಗಿ ಕುಲುಕಿ. ನಮಗೆ ಕೇಳುವ ಝಣಝಣದ ಜೊತೆಗೆ, ಕೇಳದ ಕೀರಲು ಸದ್ದೂ ಅದರಲ್ಲಿರುತ್ತದೆ. ಕೆಲವು ತಟ್ಟನೆ ಹೊರಳಿಯಾವು, ಕೆಲವು ದೊಪ್ಪನೆ ಬಿದ್ದಾವು. ಹಾಗೆ ಬಿದ್ದದ್ದಕ್ಕೆ ಒಂದು ಕಿವಿಯಾದರೂ ನೆಟ್ಟಗಿದೆ ಎಂದು ತಿಳಿಯಿರಿ. ಇನ್ನೊಂದರಲ್ಲಿ ಬಾಡಿಗೆದಾರರು ಇದ್ದಾರೋ ಇಲ್ಲವೋ, ನಿಂತಲ್ಲಿಂದ ಹೇಳಲಾಗದು.

ಎಷ್ಟು ಬಿದ್ದವು, ಬರೆಯಿರಿ. ನೆರೆಮನೆಯವರು ಏನೆಂದರು ಎಂಬುದನ್ನೂ ಬರೆಯಿರಿ.

ಇಂತಿ ನಿಮ್ಮ ಗೆಳೆಯ