ಕಂಕುಳ ಕಲೆಗೂ ಒಂದು ಕ್ಲೈಮ್ಯಾಕ್ಸ್!

ಹೀರೋ ತೆರೆಯ ಮೇಲೆ ಬಂದರೂ ಕೈ ಎತ್ತದ ಅಭಿಮಾನಿಯನ್ನು ನೀವು ಕಂಡಿದ್ದೀರಾ? ಆ ಮಹಾಶಯ ನಾನೇ!

1984. ದಾವಣಗೆರೆ. ‘ಬಂಧನ’ ಚಿತ್ರ ಬಂದಿತ್ತು. ತೆರೆಯ ಮೇಲೆ ಡಾಕ್ಟರ್ ಹರೀಶ್ ಆಗಿ ವಿಷ್ಣುವರ್ಧನ್. ಗಾಂಧಿ ಕ್ಲಾಸಿನಲ್ಲಿ ನನ್ನ ಗೆಳೆಯರು ಪೇಪರ್ ಚೂರು ತೂರಿ ಕುಣಿಯುತ್ತಿದ್ದರು. ನಾನೊಬ್ಬ ಮಾತ್ರ ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಂಡು, ಬಗಲಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಪೇಷೆಂಟ್ ಥರ ಕೂತಿದ್ದೆ.

ಕಾರಣ? ನನ್ನ ಬಿಳಿ ಅಂಗಿಯ ಕಂಕುಳಲ್ಲಿ ಅಂಗೈಯಗಲದ ಹಳದಿ ಕಲೆ!

ಇದ್ದದ್ದು ಅದೊಂದೇ ಬಿಳಿ ಅಂಗಿ. ಅಪ್ಪ ಕಾಟನ್ ಮಿಲ್ಲಿನ ಕೆಲಸಗಾರ. ಬೋನಸ್ ಬಂದಾಗ ಬಟ್ಟೆ ತಂದು ಹೊಲಿಸಿಕೊಟ್ಟು, “ಇಂಟರ್‌ವ್ಯೂಗೆ ಬೇಕಾಗತ್ತೆ, ಜ್ವಾಕಿ” ಅಂದಿದ್ದರು. ನಾನು ಜ್ವಾಕಿ ಮಾಡಿದ್ದು ಎಲ್ಲಿ ಗೊತ್ತೇ? ಪ್ರತಿ ಹೊಸ ಚಿತ್ರದ ಮೊದಲ ಆಟದ ಕ್ಯೂನಲ್ಲಿ! ಅಣ್ಣಾವ್ರು ತೆರೆಯ ಹೊರಗೆ ಬಿಳಿ ಪಂಚೆ, ಬಿಳಿ ಅಂಗಿಯಲ್ಲೇ ಕಾಣುತ್ತಿದ್ದ ಕಾಲ. ನಮಗೂ ಬಿಳಿಯೇ ಬೇಕು. ಬೆವರು ಸುರಿಸಿ ಟಿಕೆಟ್ ಹಿಡಿಯುವುದು, ಅಂಗಿಯನ್ನು ಅರ್ಧಂಬರ್ಧ ಒಗೆಯುವುದು, ಉಳಿದ ಕಲೆಯ ಮೇಲೇ ಕೆಂಡದ ಇಸ್ತ್ರಿ ಎಳೆಸುವುದು. ಹೀಗೇ ಒಂದು ವರ್ಷ.

ಅಷ್ಟರಲ್ಲಿ ಬಂತು ನೋಡಿ ಇಂಟರ್‌ವ್ಯೂ ಕಾರ್ಡು! ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಕಾರ್ಡು ಕೈಗೆ ಸಿಕ್ಕಿದ್ದು ಶನಿವಾರ.

ಬುದ್ಧಿವಂತ ನಾನು! ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ತಂದು, ಕುದಿಯುವ ನೀರಿಗೆ ಸುರಿದು, ಅಂಗಿ ಮುಳುಗಿಸಿದೆ. ಎತ್ತಿ ನೋಡಿದರೆ... ಅಯ್ಯೋ! ಉಳಿದ ಅಂಗಿ ಬೆಳ್ಳಗೆ, ಕಲೆ ಮಾತ್ರ ಮೊದಲಿಗಿಂತ ಹಳದಿ! ಕಣ್ಣಲ್ಲಿ ನೀರು ಬಂದದ್ದು ಬ್ಲೀಚಿಂಗ್ ವಾಸನೆಗೋ ದುಃಖಕ್ಕೋ, ಆ ಬಚ್ಚಲಿಗೇ ಗೊತ್ತು.

ಅವ್ವ ಬಂದಳು. “ಏನಲೇ ಇದು, ಅಂಗೀನ ಬೇಯಿಸ್ತಿದೀಯಾ?” ಅಂದಳು. ಬೈಯಲಿಲ್ಲ. ಅಂಗಿಯನ್ನು ನಾಲ್ಕು ಸಲ ತಣ್ಣೀರಲ್ಲಿ ಜಾಲಿಸಿ ನೆನೆಹಾಕಿದಳು. ಅಡುಗೆಮನೆಯಿಂದ ಸೋಡದ ಡಬ್ಬಿ ತಂದಳು, ಮಿರ್ಚಿ ಹಿಟ್ಟಿಗೆ ಹಾಕುವ ಅದೇ ಸೋಡ! ನಾಲ್ಕು ಚಮಚ ಸೋಡಕ್ಕೆ ಸ್ವಲ್ಪ ಉಗುರುಬೆಚ್ಚಗಿನ ನೀರು ಬೆರೆಸಿ, ದೋಸೆಹಿಟ್ಟಿನ ಹದಕ್ಕೆ ಕಲಸಿ, ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿ ಬಳಿದಳು. “ಬೆವರು ಒಳಗಿಂದ ಹತ್ತಿದ್ದು, ಒಳಗಿಂದಲೇ ಬಿಡಿಸಬೇಕು. ಜೋರಾಗಿ ತಿಕ್ಕಬ್ಯಾಡ, ನೂಲು ಹೋಗತ್ತೆ.”

ಒಂದು ತಾಸು ಬಿಟ್ಟು, ಹಳೆಯ ಹಲ್ಲುಜ್ಜೋ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ತೊಳೆದಳು. ಸೋಡ ಪೂರ್ತಿ ಹೋದ ಮೇಲೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿದಳು. ಎರಡನ್ನೂ ಒಟ್ಟಿಗೆ ಹಾಕಬಾರದಾ ಅಂತ ಕೇಳಿದೆ. “ಬುಸ್ ಅಂತ ನೊರೆ ಬರತ್ತೆ, ಅಷ್ಟೇ. ಎರಡೂ ಸತ್ತು ಹೋಗ್ತವೆ” ಅಂದಳು. ಹುಳಿ ಸೋಡವನ್ನೂ ಸೋಡ ಹುಳಿಯನ್ನೂ ಕೊಲ್ಲುವ ಕೆಮಿಸ್ಟ್ರಿಯನ್ನು ಅವ್ವ ಯಾವ ಕಾಲೇಜಿನಲ್ಲಿ ಓದಿದ್ದಳೋ!

ಭಾನುವಾರ ಮತ್ತೊಂದು ಸುತ್ತು ಇದೇ ಪೂಜೆ. ಸಂಜೆಗೆ ಹಗ್ಗದ ಮೇಲಿನ ಅಂಗಿ ನೋಡಿದೆ. ಹುಡುಕಿದವರಿಗಷ್ಟೇ ಕಾಣುವಂಥ ತೆಳು ನೆರಳು ಉಳಿದಿತ್ತು. ಕುಣಿಯಬೇಕು ಅನ್ನಿಸಿತು. ಆಗ ಪಕ್ಕದಲ್ಲಿ ಒಣಗುತ್ತಿದ್ದ ಅಪ್ಪನ ಅಂಗಿಗಳು ಕಣ್ಣಿಗೆ ಬಿದ್ದವು. ನೂಲು ಹರಿಯದಿರಲೆಂದು ಮಿಲ್ಲಿನ ಒಳಗೆ ಗಾಳಿಯನ್ನು ಸದಾ ತೇವವಾಗಿಟ್ಟಿರುತ್ತಾರೆ. ಅಂಥ ಸೆಕೆಯಲ್ಲಿ ದುಡಿಯುವವರ ಅಂಗಿಗಳು! ಒಂದರ ಕಂಕುಳಲ್ಲೂ ಹಳದಿ ಇಲ್ಲ.

“ಇವಕ್ಕೆ ಯಾಕೆ ಕಲೆ ಇಲ್ಲ?” ಅಂದೆ.

“ನಿಮ್ಮಪ್ಪ ವಾರಕ್ಕೆ ಆರು ದಿನ ಬೆವರ್ತಾರೆ. ಒಂದಿನಾನಾದ್ರೂ ಅದನ್ನ ಒಣಗಾಕೆ ಬಿಟ್ಟೀನೇನು?”

ಇಪ್ಪತ್ತು ವರ್ಷ ಅದೇ ಮನೆಯಲ್ಲಿದ್ದೆ. ಹೀರೋಗಳ ಅಂಗಿಯ ಕಾಲರ್ ಹೇಗಿದೆ ಅಂತ ಬಾಯಿಪಾಠ ಹೇಳುತ್ತಿದ್ದೆ. ಅವ್ವನ ಈ ಡ್ಯೂಟಿಯನ್ನು ಒಂದು ದಿನವೂ ನೋಡಿರಲಿಲ್ಲ.

ಆ ಕೆಲಸ ನನಗೆ ಸಿಗಲಿಲ್ಲ. ತಪ್ಪು ಅಂಗಿಯದಲ್ಲ, ನನ್ನ ಲೆಕ್ಕದ್ದು!

ಆಮೇಲೆ ಓದಿ ತಿಳಿದೆ. ಬೆವರಿಗೆ ಸ್ವಂತ ಬಣ್ಣವಿಲ್ಲ. ಅದರ ಜೊತೆಗಿನ ಪ್ರೋಟೀನು, ಮೈಯೆಣ್ಣೆ ಬಟ್ಟೆಯಲ್ಲೇ ಉಳಿದು ಹಳದಿಯಾಗುತ್ತವೆ. ಕುದಿನೀರು, ಇಸ್ತ್ರಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ಕ್ಲೋರಿನ್ ಬ್ಲೀಚ್ ಹಳದಿಯನ್ನು ಹೆಚ್ಚಿಸಬಹುದು. ಬ್ಲೀಚಿಗೆ ನಿಂಬೆ, ವಿನೆಗರ್ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ! ಈಗ ಬೆವರು ತಡೆಯುವ ಸ್ಪ್ರೇ, ರೋಲ್-ಆನ್ ಬಂದಿವೆ. ಅವುಗಳಲ್ಲಿನ ಅಲ್ಯೂಮಿನಿಯಂ ಲವಣ ಬೆವರಿನ ಜೊತೆ ಸೇರಿಯೂ ಕಲೆ ಕಟ್ಟುತ್ತದೆ. ಹಚ್ಚಿದ್ದು ಆರಿದ ಮೇಲೆ ಅಂಗಿ ತೊಡಿ. ಹಠಮಾರಿ ಕಲೆಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಉಂಟು. ಶೇ. 6ರದ್ದಾದರೆ ಅಷ್ಟೇ ನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬಿಳಿ ಹತ್ತಿ ಬಟ್ಟೆಗೆ ಮಾತ್ರ. ರೇಷ್ಮೆ, ಉಣ್ಣೆಗೆ ಬೇಡ.

ಇನ್ನೊಂದು ತಮಾಷೆ ಕೇಳಿ. ಅಚ್ಚ ಬಿಳಿ ಬಟ್ಟೆ ಲೈಟಿಗೆ ಹೊಳೆದು ಕ್ಯಾಮೆರಾವನ್ನು ಕಾಡುತ್ತದೆ. ಅದಕ್ಕೇ ಬಿಳಿ ಬಟ್ಟೆಯನ್ನು ಟೀ ನೀರಲ್ಲಿ ಅದ್ದಿ ಮಂಕು ಮಾಡುವುದು ಸಿನಿಮಾ ಕಾಸ್ಟ್ಯೂಮ್‌ನವರ ಹಳೆಯ ಪದ್ಧತಿ. ನಾನು ಯಾವ ಬಿಳಿಗಾಗಿ ಒದ್ದಾಡಿದೆನೋ ಅದು ತೆರೆಯ ಮೇಲೂ ಎಷ್ಟೋ ಸಲ ಇರಲಿಲ್ಲ. ಇದ್ದದ್ದು ನಮ್ಮ ಹಿತ್ತಲ ಹಗ್ಗದ ಮೇಲೆ!

ಮುಂದಿನ ಶುಕ್ರವಾರ ಎರಡೂ ಕೈ ಎತ್ತಿ ಶಿಳ್ಳೆ ಹೊಡೆಯಿರಿ ಗೆಳೆಯರೇ. ಮನೆಗೆ ಬಂದ ಕೂಡಲೇ ಅಂಗಿಯನ್ನು ತಣ್ಣೀರಿಗೆ ಹಾಕಿ. ನೀವೇ ಹಾಕಿ!